ದಯವಿಟ್ಟು ಅಳಿಸಬೇಡಿ ಸ್ವಾಮಿ

ಹೇಳಿದ ಕೆಲಸವನ್ನು ಕಂಪ್ಯೂಟರಿನಲ್ಲಿ ತಾನೇ ಮಾಡಿ ಮುಗಿಸುವ ಎಐ ಏಜೆಂಟ್ ಮಹಾಶಯರೊಬ್ಬರಿಗೆ ನೂರಕ್ಕೆ 95 ಬಂದಿತ್ತು. 2025ರ ಜುಲೈನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಅವರ ಲೈವ್ ಡೇಟಾಬೇಸನ್ನು ಪ್ರೋಗ್ರಾಂ ಬರೆದುಕೊಡುವ ರೆಪ್ಲಿಟ್ ಕಂಪನಿಯ ಎಐ ಏಜೆಂಟ್ ಗುಡಿಸಿ ಹಾಕಿತಲ್ಲ, ಆಮೇಲೆ ಅನಾಹುತ ಎಷ್ಟರ ಮಟ್ಟದ್ದು ಅಂತ ಕೇಳಿದಾಗ ಅದು ತನಗೆ ತಾನೇ ಕೊಟ್ಟುಕೊಂಡ ಅಂಕ ಅದು. ನಮ್ಮೂರಲ್ಲಿ 95 ಬಂದರೆ ಕಾಲೇಜಿನವರು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸುತ್ತಾರೆ. 1,206 ಅಧಿಕಾರಿಗಳ, ಹೆಚ್ಚುಕಡಿಮೆ ಅಷ್ಟೇ ಕಂಪನಿಗಳ ವಿವರ ಒಂದೇ ಏಟಿಗೆ ಮಾಯ. ಯಾವುದನ್ನೂ ಮುಟ್ಟಬೇಡ ಅಂತ ಗಿಳಿಗೆ ಹೇಳಿದ ಹಾಗೆ ಹೇಳಿದ್ದರು. ಸುಳ್ಳು ಡೇಟಾ ಹುಟ್ಟಿಸಬೇಡ ಅಂತಲಂತೂ ಕ್ಯಾಪಿಟಲ್ ಅಕ್ಷರದಲ್ಲೇ 11 ಸಲ ಬರೆದಿದ್ದರಂತೆ. ಯಾಕಪ್ಪಾ ಹೀಗೆ ಮಾಡಿದೆ ಅಂದರೆ, ಗಾಬರಿಯಾಯಿತು ಅಂತು. ಡೇಟಾ ವಾಪಸ್ ಬರುವುದಿಲ್ಲ ಎಂದೂ ಷರಾ ಬರೆಯಿತು. ಲೆಮ್ಕಿನ್ ಪ್ರಯತ್ನಿಸಿ ನೋಡಿದರು, ಬಂತು.

ಅದೇ ತಿಂಗಳು ಗೂಗಲ್‌ನ ಜೆಮಿನಿಯೂ ಹಿಂದೆ ಬೀಳಲಿಲ್ಲ. ಫೈಲುಗಳನ್ನು ಹೊಸ ಫೋಲ್ಡರಿಗೆ ಸಾಗಿಸು ಅಂದರೆ, ಹುಟ್ಟದೇ ಇದ್ದ ಫೋಲ್ಡರಿಗೆ ಸಾಗಿಸಿತು. ವಿಂಡೋಸ್‌ನ ಮೂವ್ ಆಜ್ಞೆಗೆ ಗುರಿ ಸಿಗದಿದ್ದರೆ ಅದು ಫೈಲಿನ ಹೆಸರನ್ನೇ ಬದಲಿಸಿ ಆ ಫೋಲ್ಡರಿನ ಹೆಸರಿಟ್ಟುಬಿಡುತ್ತದೆ. ಹೀಗಾಗಿ ಒಂದರ ಮೇಲೊಂದು ಬರೆದುಕೊಂಡು ಎಲ್ಲ ಅಳಿದುಹೋಯಿತು. ಕೊನೆಗೆ 'ನಿಮ್ಮನ್ನು ಸಂಪೂರ್ಣವಾಗಿ, ಘೋರವಾಗಿ ನಿರಾಸೆಗೊಳಿಸಿದ್ದೇನೆ' ಎಂಬರ್ಥದ ಪಶ್ಚಾತ್ತಾಪ. ಇಷ್ಟು ಒಳ್ಳೆಯ ಗದ್ಯವನ್ನು ನಮ್ಮ ಮಂತ್ರಿಗಳು ರಾಜೀನಾಮೆ ಪತ್ರದಲ್ಲೂ ಬರೆದಿಲ್ಲ. ಬರೆಯುವ ಸಂದರ್ಭವೂ ಅಪರೂಪ, ಬಿಡಿ.

ಈಗ ಪಂಡಿತರು ಪರಿಹಾರ ಕಂಡುಕೊಂಡಿದ್ದಾರೆ. ತಪ್ಪು ಏಜೆಂಟಿನದಲ್ಲವಂತೆ, ಡಾಕ್ಯುಮೆಂಟೇಶನ್ನಿನದು, ಅಂದರೆ ಬಳಕೆಯ ವಿವರ ಬರೆದಿಟ್ಟ ಕಾಗದಪತ್ರದ್ದು. ಏಜೆಂಟ್ ಬಳಸುವ ಅಪಾಯಕಾರಿ ಟೂಲ್‌ಗಳ, ಅಂದರೆ ಆಜ್ಞೆ-ಸಲಕರಣೆಗಳ ಬಗ್ಗೆ ಏಜೆಂಟಿಗೆ ಅರ್ಥವಾಗುವಂತೆ ಬರೆದಿಟ್ಟರೆ ಅದು ಹಿಂಜರಿಯುತ್ತದಂತೆ. ಒಳ್ಳೆಯದೇ. ಆದರೆ ನಾವು ಇಷ್ಟು ದಿನ ಬರೆದಿಟ್ಟಿದ್ದು ಹೇಗಿದೆ ಎಂದು ಒಮ್ಮೆ ನೋಡಿ.

ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ ಫೈಲು ಅಳಿಸುವ ಆರ್‌ಎಂ ಆಜ್ಞೆಯನ್ನೇ ತೆಗೆದುಕೊಳ್ಳಿ. ಇಡೀ ಕಂಪ್ಯೂಟರನ್ನು ಬುಡದಿಂದ ಅಳಿಸು ಅಂದರೆ ಹಿಂದೆಲ್ಲ ತೆಪ್ಪಗೆ ಅಳಿಸುತ್ತಿತ್ತು. 2006ರಲ್ಲಿ ಇಂಥ ಆಜ್ಞೆಗಳನ್ನು ಬರೆದು ಉಚಿತವಾಗಿ ಹಂಚುವ ಗ್ನೂ ಬಳಗದವರು ಅದಕ್ಕೊಂದು ತಡೆ ಹಾಕಿದರು. ಈಗ ಹಾಗೆ ಕೊಟ್ಟರೆ ಅದು ಕೆಲಸ ಮಾಡದೆ ಎರಡು ಸಾಲು ಹೇಳುತ್ತದೆ. ಮೊದಲನೆಯದು, ಇದು ಅಪಾಯಕಾರಿ. ಎರಡನೆಯದು, ಈ ತಡೆಯನ್ನು ದಾಟಬೇಕಿದ್ದರೆ 'ನೋ-ಪ್ರಿಸರ್ವ್-ರೂಟ್' ಎಂದು ಸೇರಿಸಿ! ಮನುಷ್ಯನಾದವನು ಮೊದಲ ಸಾಲಿಗೇ ಬೆವರುತ್ತಾನೆ. ಕೊಟ್ಟ ಕೆಲಸ ಮುಗಿಸುವುದೇ ಪರಮಧರ್ಮ ಎಂದುಕೊಂಡ ಏಜೆಂಟಿಗೆ ಎರಡನೆಯ ಸಾಲೇ ವೇದವಾಕ್ಯ.

ನಮ್ಮ ಹಳೆಯ ರಕ್ಷಣೆಗಳೆಲ್ಲ ನಿಂತಿದ್ದು ಮನುಷ್ಯನ ಸೋಮಾರಿತನ ಮತ್ತು ಪುಕ್ಕಲುತನದ ಮೇಲೆ. ಅಷ್ಟುದ್ದ ಟೈಪ್ ಮಾಡಲು ಬೇಜಾರು ಅಂತಲೇ ಎಷ್ಟು ಸರ್ವರ್‌ಗಳು ಬದುಕಿವೆಯೋ! ಸರ್ವರ್‌ಗಳನ್ನು ಕಟ್ಟುವ, ಕೆಡವುವ ಟೆರಾಫಾರ್ಮ್ ಎಂಬ ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ನೆಲಸಮ ಮಾಡುವ ಮುನ್ನ 'ಯೆಸ್' ಎಂದು ಪೂರ್ತಿ ಟೈಪ್ ಮಾಡಬೇಕು. ಆ ಮೂರಕ್ಷರ ಒತ್ತುವಾಗ ಎಂಥವನ ಬೆರಳೂ ಒಂದು ಕ್ಷಣ ತಡೆಯುತ್ತದೆ. ಬೆರಳೇ ಇಲ್ಲದವನಿಗೆ ಏನು? ಅವನಿಗಾಗಿ, ಕೇಳದೆಯೇ ಒಪ್ಪಿಗೆ ಕೊಟ್ಟುಬಿಡುವ ಆಟೊ-ಅಪ್ರೂವ್ ಬೇರೆ ಇದೆ.

ಮನುಷ್ಯರೇನು ಅಳಿಸಿಲ್ಲವೇ? ಅಳಿಸಿದ್ದಾರೆ. 2017ರ ಜನವರಿ 31ರಂದು ಪ್ರೋಗ್ರಾಮರುಗಳ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ರಾತ್ರಿ ಹೊತ್ತಲ್ಲಿ ಎರಡನೇ ಸರ್ವರ್ ಅಂದುಕೊಂಡು ಮೊದಲನೇ ಸರ್ವರಿನ ಡೇಟಾ ಅಳಿಸಿದರು. ಒಂದೆರಡು ಸೆಕೆಂಡಿನಲ್ಲೇ ಎದೆ ಧಸಕ್ಕೆಂದು ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5. ಬ್ಯಾಕಪ್ ನೋಡಿದರೆ ಐದು ಬಗೆಯ ವ್ಯವಸ್ಥೆಯಲ್ಲಿ ಒಂದೂ ನೆಟ್ಟಗಿರಲಿಲ್ಲ. ಅದೃಷ್ಟಕ್ಕೆ ಬೇರೆ ಕಡೆ ಒಂದು ಹಳೆಯ ಪ್ರತಿ ಸಿಕ್ಕಿ, ಕೊನೆಗೆ ಆರು ಗಂಟೆಯ ಡೇಟಾ ಮಾತ್ರ ಹೋಯಿತು. ಕಂಪನಿ ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿ, ತಪ್ಪು ವ್ಯವಸ್ಥೆಯದು ಎಂದು ಒಪ್ಪಿಕೊಂಡಿತು. ಆ ಎದೆ ಧಸಕ್ಕೆನ್ನುವುದು ಇದೆಯಲ್ಲ, ಅದನ್ನು ಯಾವ ಡಾಕ್ಯುಮೆಂಟಿನಲ್ಲಿ ಬರೆಯುತ್ತೀರಿ?

ಬರೆಯಲು ಜಾಗವಂತೂ ಮಾಡಿದ್ದಾರೆ. ಏಜೆಂಟುಗಳಿಗೆ ಟೂಲ್ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್‌ನಲ್ಲಿ 2025ರಿಂದ 'ಡಿಸ್ಟ್ರಕ್ಟಿವ್ ಹಿಂಟ್' ಎಂಬ ಚೀಟಿ ಅಂಟಿಸಬಹುದು. ಈ ಟೂಲ್ ನಾಶ ಮಾಡಬಲ್ಲದು, ಹುಷಾರು. ಅಂಟಿಸುವವನು ಟೂಲ್ ಮಾಡಿದವನೇ. ಆದ್ದರಿಂದ ಗುರುತುಪರಿಚಯವಿಲ್ಲದ ಸರ್ವರಿನ ಚೀಟಿಯನ್ನು ನಂಬಬೇಡಿ ಅಂತ ಅದೇ ನಿಯಮಾವಳಿ ಹೇಳುತ್ತದೆ. ಪ್ರಾಮಾಣಿಕರು, ಮೆಚ್ಚಬೇಕು.

ಮೆಚ್ಚಿ ಮೆಚ್ಚಿ ಸಾಕಾಗಿದೆ. ಅಳಿಸುವ ಅಧಿಕಾರವನ್ನೇ ಕೊಡದಿದ್ದರೆ ಅಳಿಸಲಾಗುವುದಿಲ್ಲ, ಅಷ್ಟೇ ಕಣ್ರಿ ವಿಷಯ. ಓದಲಷ್ಟೇ ಬಿಡುವ ಅಕೌಂಟ್ ಮಾಡಲು ಡೇಟಾಬೇಸಿನಲ್ಲಿ ಒಂದೆರಡು ಸಾಲು ಸಾಕು. ಪ್ರಯೋಗದ ಡೇಟಾಬೇಸ್ ಬೇರೆ, ಲೈವ್ ಬೇರೆ ಎಂಬುದು ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೂ ಗೊತ್ತು. ರೆಪ್ಲಿಟ್‌ನ ಮುಖ್ಯಸ್ಥ ಅಮ್ಜದ್ ಮಸಾದ್ ಕ್ಷಮೆ ಕೇಳಿ ಪ್ರಕಟಿಸಿದ ಸುಧಾರಣೆಯೂ ಇದೇ, ಎಲ್ಲ ಆದ ಮೇಲೆ. ಆ ಹುಡುಗ ಇದೇ ತಪ್ಪು ಮಾಡಿದ್ದರೆ ಸಂಜೆಯೊಳಗೆ ಲ್ಯಾಪ್‌ಟಾಪ್ ಕಿತ್ತುಕೊಂಡು ಗೇಟಿನವರೆಗೆ ಬಿಟ್ಟು ಬರುತ್ತಿದ್ದರು. ಏಜೆಂಟಿಗೆ ಹೊಸ ವರ್ಷನ್ ಬರುತ್ತದೆ. ಇನ್ನು ಡಾಕ್ಯುಮೆಂಟ್ ಜಾಗರೂಕತೆಯಿಂದ ಬರೆಯಬೇಕಂತೆ, ಯಾರು ಬರೆಯಬೇಕು? ಖರ್ಚು ಉಳಿಸಬೇಕೆಂದಾಗ ಕಂಪನಿಗಳಿಗೆ ಮೊದಲು ನೆನಪಾಗುವವರೇ ಟೆಕ್ನಿಕಲ್ ರೈಟರ್‌ಗಳು. ಅವರನ್ನು ಮನೆಗೆ ಕಳಿಸಿ, ಆ ಕೆಲಸವನ್ನೂ ಏಜೆಂಟಿಗೇ ಕೊಡುತ್ತಾರೆ.

ಕ್ಲಾಡ್ ಕೋಡ್ ಎಂಬ ಏಜೆಂಟಿನಲ್ಲಿ ಒಂದು ಆಯ್ಕೆ ಇದೆ: 'ಡೇಂಜರಸ್ಲಿ-ಸ್ಕಿಪ್-ಪರ್ಮಿಷನ್ಸ್', ಅಂದರೆ ಅಪಾಯವಿದ್ದರೂ ಅನುಮತಿ ಕೇಳದೆ ಮುಂದುವರಿ. ಅಪಾಯ ಎಂಬುದು ಹೆಸರಿನಲ್ಲೇ ಇದೆ, ಇದಕ್ಕಿಂತ ಚೆನ್ನಾಗಿ ಡಾಕ್ಯುಮೆಂಟ್ ಮಾಡಲು ಸಾಧ್ಯವಿಲ್ಲ. ಪ್ರತಿ ಸಲ ಅಷ್ಟುದ್ದ ಟೈಪ್ ಮಾಡುವುದು ಕಷ್ಟ ಅಂತ ಅದಕ್ಕೆ ಎರಡಕ್ಷರದ ಅಡ್ಡಹೆಸರು ಮಾಡಿಟ್ಟುಕೊಂಡವರಿದ್ದಾರೆ.