ಗೇಟಿನ ಫೋಟೋ ಯಾಕ ತಗದಿ?

ಹೋದ ತಿಂಗಳು ಮನೆಯ ವಾಟ್ಸಾಪ್ ಗುಂಪಿಗೆ ಹದಿನಾರು ಫೋಟೋ ಕಳಿಸಿದೆ. ಎಲ್ಲವೂ ಬಿಂಗ್ಲೆ ಅನ್ನೋ ಊರಿನ ಕಾಲುವೆಯವು. ನಾನಿರುವ ಇಂಗ್ಲೆಂಡಿನ ಲೀಡ್ಸ್‌ನಿಂದ ರೈಲಿನಲ್ಲಿ ಅರ್ಧ ತಾಸೂ ಆಗದ ದಾರಿ. ಬೆಳಕು ಹರಿಯುವ ಮೊದಲೇ ಹೋಗಿ, ಚಳಿಯಲ್ಲಿ ಮೂರು ತಾಸು ನಿಂತು ತೆಗೆದಿದ್ದೆ. ಹುಬ್ಬಳ್ಳಿಯಿಂದ ಅಕ್ಕನ ಉತ್ತರ ಐದೇ ನಿಮಿಷದಲ್ಲಿ ಬಂತು.

"ಏನೋ ತಮ್ಮಾ, ಬರೇ ಗೇಟಿನ ಫೋಟೋ ಯಾಕ ತಗದಿ? ಅಲ್ಲೆ ಲವ್ ಮಾಡಿದವರು ಬ್ರಿಜ್ಜಿಗೆ ಕೀಲಿ ಹಾಕ್ತಾರಲ್ಲ, ಅದರದು ಇಲ್ಲೇನು? ನಮ್ಮ ಹುಡುಗಿ ಫೋಟೋಗ್ರಾಫರಗ ತೋರಸ್ಬೇಕಂತ."

ಅಕ್ಕನ ಮಗಳ ಮದುವೆ ಹತ್ತಿರ ಬಂದಿದೆ. ಉಣಕಲ್ ಕೆರೆ ದಂಡೆಯಲ್ಲಿ ಪ್ರೀ-ವೆಡ್ಡಿಂಗ್ ಶೂಟ್. ಕಟಾಂಜನಕ್ಕೆ ಇಬ್ಬರ ಹೆಸರು ಕೆತ್ತಿದ ಕೀಲಿ, ಅಂದರೆ ಬೀಗ, ಹಾಕಬೇಕು, ಹಿಂದೆ ಕೆರೆ ಮಸುಕಾಗಿ ಕಾಣಬೇಕು. ದುರ್ಗದ ಬೈಲ್ ಪೇಟೆಯಲ್ಲಿ ಕೀಲಿ ತಂದೂ ಆಗಿದೆ. ನನ್ನ ಹದಿನಾರು ಫೋಟೋದಲ್ಲಿ ಒಂದನ್ನೂ ಯಾರೂ ದೊಡ್ಡದು ಮಾಡಿ ನೋಡಿರಲಿಲ್ಲ. ನನಗೆ ನಿಜವಾಗಿಯೂ ಬೇಜಾರಾಯಿತು.

ಅಕ್ಕ ಕೇಳಿದ ಫೋಟೋ ನನ್ನ ಹತ್ತಿರ ಇಲ್ಲ ಅಂತಲ್ಲ. 2013ರಲ್ಲಿ ನಾನು, ನನ್ನ ಹೆಂಡತಿ ಪ್ಯಾರಿಸ್‌ಗೆ ಹೋಗಿದ್ದೆವು. ಸೀನ್ ನದಿಯ ಮೇಲೆ ಪೋಂ ದೆಜಾರ್ ಅನ್ನೋ ಕಾಲ್ನಡಿಗೆ ಸೇತುವೆ ಇದೆ. ಆಗ ಅದರ ಎರಡೂ ಬದಿಯ ಜಾಲರಿ ಬೀಗಗಳ ಅಡಿ ಮುಚ್ಚಿಹೋಗಿತ್ತು. ಬೀಗದ ಮೇಲೆ ಬೀಗ, ಅದರ ಕಿವಿಗೆ ಇನ್ನೊಂದು ಬೀಗ. ಸಂಜೆ ಬಿಸಿಲು ಬಿದ್ದರೆ ಹಿತ್ತಾಳೆ ಹೊಳೆಯುತ್ತಿತ್ತು. ನಾನೂ ಐವತ್ತು ಫೋಟೋ ತೆಗೆದೆ. ಮರುವಾರ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದರೆ ಐವತ್ತೂ ಒಂದೇ ಫೋಟೋ. ಯಾವುದರಲ್ಲೂ ಒಬ್ಬ ಮನುಷ್ಯನ ಕೆಲಸ ಕಾಣಲಿಲ್ಲ. ಹಾಕಿದವರು ಕೀಲಿಕೈ ನದಿಗೆ ಒಗೆದು ಹೋಗಿಬಿಟ್ಟಿದ್ದರು.

ಮರುವರ್ಷ, 2014ರ ಜೂನಿನಲ್ಲಿ, ಆ ಭಾರಕ್ಕೆ ಜಾಲರಿಯ ಒಂದು ಭಾಗವೇ ಕುಸಿಯಿತು. 2015ರಲ್ಲಿ ನಗರದವರು ಎಲ್ಲ ಕಿತ್ತು ಹಾಕಿದರು. ಸುಮಾರು 45 ಟನ್. ಒಂದು ಲಾರಿಗೆ ಹತ್ತು ಟನ್ ಅಂದರೂ ನಾಲ್ಕೈದು ಲಾರಿ ಬೀಗ. ಈಗ ಅಲ್ಲಿ ಗಾಜಿನ ಹಲಗೆ ಕೂಡಿಸಿದ್ದಾರೆ.

ಇಂಗ್ಲಿಷಿನಲ್ಲಿ ಸೇತುವೆಯ ಬೀಗಕ್ಕೂ ಲಾಕ್ ಅಂತಲೇ ಹೆಸರು, ಕಾಲುವೆಯಲ್ಲಿ ದೋಣಿ ಹತ್ತಿಸುವ ಕಟ್ಟೋಣಕ್ಕೂ ಲಾಕ್ ಅಂತಲೇ ಹೆಸರು. ನನ್ನ ಕ್ಯಾಮೆರಾ ಎರಡನ್ನೂ ನೋಡಿದೆ. ಎರಡನೆಯದನ್ನು ಬಿಟ್ಟು ಬರಲು ನನಗೆ ಇವತ್ತಿಗೂ ಮನಸ್ಸಾಗುವುದಿಲ್ಲ.

ಲೀಡ್ಸ್-ಲಿವರ್‌ಪೂಲ್ ಕಾಲುವೆ 127 ಮೈಲಿ ಉದ್ದ. ಬಿಂಗ್ಲೆಗೆ ಬಂದಾಗ ಎದುರಿಗೆ ಏರು ಸಿಗುತ್ತದೆ. ದೋಣಿ ಅದನ್ನು ಹತ್ತಬೇಕು. ಅದಕ್ಕೆ ಒಂದಕ್ಕೊಂದು ಅಂಟಿಕೊಂಡಂತೆ, ಮೆಟ್ಟಿಲು ಮೆಟ್ಟಿಲಾಗಿ ಐದು ಕಲ್ಲಿನ ಹೊಂಡ ಕಟ್ಟಿದ್ದಾರೆ. ಮೇಲಿನ ಹೊಂಡದ ಕೆಳಬಾಗಿಲೇ ಕೆಳಗಿನ ಹೊಂಡದ ಮೇಲ್ಬಾಗಿಲು. ದೋಣಿ ತಳದ ಹೊಂಡಕ್ಕೆ ಬಂದ ಮೇಲೆ ಹಿಂದಿನ ಕದ ಮುಚ್ಚುತ್ತಾರೆ. ಮೇಲಿನ ಹೊಂಡದ ನೀರನ್ನು ಇದಕ್ಕೆ ಬಿಡುತ್ತಾರೆ. ನೀರು ಏರುತ್ತದೆ, ನೀರಿನ ಜೊತೆ ದೋಣಿಯೂ ಏರುತ್ತದೆ. ಎರಡೂ ಕಡೆ ನೀರು ಸಮ ಆದ ಕೂಡಲೇ ನಡುವಿನ ಕದ ತೆಗೆಯುತ್ತಾರೆ. ಹೀಗೆ ಐದು ಸಲ. ಒಟ್ಟು 59 ಅಡಿ ಎತ್ತರ. ಕರೆಂಟಿಲ್ಲ, ಎಂಜಿನ್ನಿಲ್ಲ. ನೀರಿನ ಭಾರ ಮತ್ತು ಮನುಷ್ಯನ ಬೆನ್ನು, ಅಷ್ಟೇ. ಇದು ಶುರುವಾದದ್ದು 1774ರಲ್ಲಿ. ಅವತ್ತು ನೋಡಲು 30 ಸಾವಿರ ಜನ ಸೇರಿದ್ದರಂತೆ.

ಕದಗಳ ಹತ್ತಿರ ಹೋಗಿ ನಿಲ್ಲಬೇಕು. ಓಕ್ ಮರದ ದಪ್ಪ ತೊಲೆಗಳು. ಎರಡು ಕದ ನೇರವಾಗಿ ಕೂಡುವುದಿಲ್ಲ, ನೀರು ಬರುವ ಕಡೆಗೆ ಮೂತಿ ಮಾಡಿಕೊಂಡು ಕೂಡುತ್ತವೆ. ನೀರು ಜಾಸ್ತಿ ಒತ್ತಿದಷ್ಟೂ ಜಾಸ್ತಿ ಬಿಗಿಯಾಗುತ್ತವೆ. ಆದರೂ ಸಂದಿನಲ್ಲಿ ಸಣ್ಣದಾಗಿ ನೀರು ಸೋರುತ್ತಲೇ ಇರುತ್ತದೆ. ಸೋರಿದ ಜಾಗದಲ್ಲಿ ಪಾಚಿ, ಪಾಚಿಯ ನಡುವೆ ಬೆರಳುದ್ದದ ಜರಿಗಿಡ. ಬೆಳಗಿನ ಬಿಸಿಲು ಅಡ್ಡ ಬಿದ್ದಾಗ ಆ ಸೋರುವ ನೀರು ದಾರದ ಎಳೆಗಳ ಹಾಗೆ ಕಾಣುತ್ತದೆ. ನಾನು ಮೂರು ತಾಸು ನಿಂತದ್ದು ಅದಕ್ಕೆ.

ಅಲ್ಲಿ ಕೆಲಸಕ್ಕಿದ್ದ ಒಬ್ಬ ವಯಸ್ಸಾದವರು ನನ್ನನ್ನು ಬಹಳ ಹೊತ್ತು ನೋಡಿದರು. ಸಂಬಳಕ್ಕಲ್ಲ, ಸೇವೆ ಅಂತ ಬರುವವರು. ಆಮೇಲೆ ಹತ್ತಿರ ಬಂದು ಕ್ಯಾಮೆರಾ ಕೆಳಗಿಡು, ಬಾ ಅಂದರು. ಕದಕ್ಕೆ ಉದ್ದನೆಯ ತೊಲೆ ಇರುತ್ತದೆ, ತುದಿಗೆ ಬಿಳಿ ಬಣ್ಣ ಬಳಿದಿರುತ್ತಾರೆ. ನಾನು ಎರಡೂ ಕೈ ಇಟ್ಟು ನೂಕಿದೆ. ಅಲುಗಲಿಲ್ಲ. ಕೈಯಿಂದ ಆಗಲ್ಲ, ತಿರುಗಿ ನಿಂತು ಬೆನ್ನು ಕೊಡು, ಕಾಲು ಇಟ್ಟಿಗೆಗೆ ಊರು ಅಂದರು. ನೆಲ ನೋಡಿದೆ. ಕದ ತಿರುಗುವ ದಾರಿಯುದ್ದಕ್ಕೂ ಇಟ್ಟಿಗೆಯ ಸಾಲನ್ನು ಎತ್ತರ ಮಾಡಿ ಕೂಡಿಸಿದ್ದಾರೆ, ಕಾಲು ಜಾರಬಾರದು ಅಂತ. ಆ ಇಟ್ಟಿಗೆಗಳ ಅಂಚು ಬೂಟಿನ ಹಿಮ್ಮಡಿಗೆ ಸವೆದು ನುಣ್ಣಗಾಗಿತ್ತು. ಅಲ್ಲೇ ಕಾಲು ಊರಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೆಸರಿನಲ್ಲಿ ಹೂತ ಚಕ್ಕಡಿ ಎದ್ದ ಹಾಗೆ, ಆ ಕದ ಮೆಲ್ಲಗೆ ಹೊರಟಿತು.

ಆ ಕದಗಳು ಸುಮಾರು 25 ವರ್ಷ ಬಾಳುತ್ತವೆ. ವೇಕ್‌ಫೀಲ್ಡ್ ಹತ್ತಿರ ಸ್ಟ್ಯಾನ್ಲಿ ಫೆರ್ರಿಯಲ್ಲಿ, ಒಂದೊಂದು ಲಾಕಿನ ಅಳತೆಗೆ ಒಂದೊಂದನ್ನು ಮಾಡುತ್ತಾರೆ. ಚಳಿಗಾಲದಲ್ಲಿ ರಿಪೇರಿಗೆ ಅಂತ ನೀರು ಬಸಿದಾಗ ಕೆಲವು ಕಡೆ ಜನರನ್ನು ಹೊಂಡದ ತಳಕ್ಕೇ ಇಳಿಸಿ ತೋರಿಸುತ್ತಾರೆ. ಮಕ್ಕಳು, ಮುದುಕರು, ಎಲ್ಲ ಸಾಲು ಹಚ್ಚಿ ಬರುತ್ತಾರೆ. ಬಾಗಿಲು ರಿಪೇರಿ ನೋಡಲು!

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಅವರು ತಮ್ಮ ಹಳೇ ಕೆಲಸದ ವಸ್ತುವನ್ನು ಕಣ್ತುಂಬಾ ನೋಡುತ್ತಾರೆ. ನಾವು ನೋಡುವುದಿಲ್ಲ. ನಮ್ಮಲ್ಲಿ ಕ್ಯಾಮೆರಾ ಎತ್ತಿದರೆ ಎದುರಿಗೆ ಒಂದು ಮುಖ ಇರಲೇಬೇಕು. ಅದೇ ಉಣಕಲ್ಲಿನಲ್ಲಿ ಚಂದ್ರಮೌಳೇಶ್ವರ ಗುಡಿ ಇದೆ, ನಾಲ್ಕು ದಿಕ್ಕಿಗೂ ಬಾಗಿಲು. ಕೀಲಿ ಹಾಕಲು ಕೆರೆಗೆ ಬರುವ ಜೋಡಿಗೆ ಆ ಬಾಗಿಲು ಯಾರೂ ತೋರಿಸಿರುವುದಿಲ್ಲ.

ಹೋದ ಸಲ ಊರಿಗೆ ಬಂದಾಗ ಎಲ್ಲರೂ ಕಾರು ಮಾಡಿಕೊಂಡು ಲಕ್ಕುಂಡಿಗೆ ಹೋದೆವು. ಮಾಣಿಕೇಶ್ವರ ಗುಡಿಯ ಮುಂದೆ ಒಬ್ಬೊಬ್ಬರದೂ ಹತ್ತತ್ತು ಫೋಟೋ ಆಯಿತು. ಪಕ್ಕದಲ್ಲೇ ಮುಸುಕಿನ ಬಾವಿ. ಚಾಲುಕ್ಯರ ಕಾಲದ್ದು. ಮೆಟ್ಟಿಲು ಇಳಿಯುತ್ತಾ ಹೋದ ಹಾಗೆ ಗೋಡೆಯಲ್ಲಿ ಗುಡಿಯ ಆಕಾರದ ಚಿಕ್ಕ ಚಿಕ್ಕ ಗೂಡುಗಳು ಸಿಗುತ್ತವೆ. ಬಿಂಗ್ಲೆಯಲ್ಲಿ ನೀರು ಮೆಟ್ಟಿಲು ಹತ್ತುತ್ತದೆ, ಇಲ್ಲಿ ನಾವು ನೀರಿಗಾಗಿ ಮೆಟ್ಟಿಲು ಇಳಿಯುತ್ತೇವೆ. ಎರಡು ಕಡೆಯ ಕಲ್ಲುಕುಟಿಗರೂ ಎದುರು ಬದುರು ಕೂತರೆ ಎಷ್ಟು ಮಾತಾಡುತ್ತಿದ್ದರೋ. ನಾನು ನಾಲ್ಕು ಮೆಟ್ಟಿಲು ಇಳಿದಿದ್ದೆ. ಮೇಲಿಂದ ಮಾವ ಕೂಗಿದರು, "ಹೊತ್ತಾತು ನಡೀರಿ, ಗದಗಿನ್ಯಾಗ ಊಟ ಮಾಡೋಣು." ನಡೆದೆ. ಆ ಫೋಟೋ ಇನ್ನೂ ನನ್ನ ಹತ್ತಿರ ಇಲ್ಲ.

ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ಅವಳು ಸುಮ್ನೆ ಕೇಳಿಸಿಕೊಂಡು, "ಅಪ್ಪಾರು ನಿನ್ನ ಫೋಟೋ ನೋಡ್ಯಾರ, ಮಾತಾಡು" ಅಂತ ಫೋನ್ ಕೊಟ್ಟಳು.

"ಗೇಟು ಛಲೋ ಅದಾವಪಾ," ಅಂದರು ಅಪ್ಪ. "ಕೀಲಿ ಯಾರ ಕಡೆ ಇರತೈತಿ?"

ಬಿಂಗ್ಲೆಯಲ್ಲಿ ಸಿಬ್ಬಂದಿ ಇರುತ್ತಾರೆ, ಬೇರೆ ಕಡೆ ದೋಣಿಯವರೇ ಕಬ್ಬಿಣದ ಹಿಡಿಕೆ ಇಟ್ಟುಕೊಂಡಿರುತ್ತಾರೆ, ತಾವೇ ತಿರುಗಿಸಿ ನೀರು ಬಿಟ್ಟುಕೊಳ್ಳುತ್ತಾರೆ ಅಂದೆ.

"ಯಾರ ಬೇಕಾದ್ರೂ?"

"ಹೂಂ, ಯಾರ ಬೇಕಾದ್ರೂ."

ಅಪ್ಪ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ನಮ್ಮ ಹೊಲ ಇರುವುದು ನವಲಗುಂದ ತಾಲೂಕಿನಲ್ಲಿ. ನವಿಲುತೀರ್ಥ ಆಣೆಕಟ್ಟಿನ ನೀರು ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಬರುತ್ತದೆ. ಬರುತ್ತದೆ ಅನ್ನುವುದಕ್ಕಿಂತ ಬರಬೇಕು ಅನ್ನುವುದು ಸರಿ. ನಾವು ಟೇಲ್ ಎಂಡಿನವರು, ಅಂದರೆ ಕಾಲುವೆಯ ಕೊನೆಯವರು. ನಾನು ಐದನೇ ಇಯತ್ತೆಯಲ್ಲಿದ್ದಾಗ ಅಪ್ಪ ರೊಟ್ಟಿ ಬುತ್ತಿ, ಬ್ಯಾಟರಿ, ಕಂಬಳಿ ಹಿಡಿದು ರಾತ್ರಿ ಕಾಲುವೆ ದಂಡೆಗೆ ಹೋಗುತ್ತಿದ್ದರು. ಪಾಳಿ ನಮ್ಮದು ಬಂದಾಗ ಮೇಲಿನವರು ಗೇಟು ಇಳಿಸದೇ ಇದ್ದರೆ ನೀರು ನಮ್ಮ ತನಕ ಬರುತ್ತಿರಲಿಲ್ಲ. ಒಂದು ಬೆಳಗ್ಗೆ ಅಪ್ಪನ ಧೋತರ ಹರಿದಿತ್ತು, ಮೊಣಕೈ ಕೆತ್ತಿತ್ತು. ಅವ್ವ ಏನೂ ಕೇಳಲಿಲ್ಲ, ಅರಿಶಿನ ಹಚ್ಚಿದಳು. ಆ ವರ್ಷ ಗೋವಿನಜೋಳ ಒಣಗಿತು. ನೀರು ಬಾರದ ಹೊಲಕ್ಕೂ ಕರ ಕೇಳಿದ್ದಕ್ಕೆ 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಬಂಡೆದ್ದು, ಗೋಲಿಬಾರ್ ಆದದ್ದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು.

ಬಿಂಗ್ಲೆಯ ಕಾಲುವೆಯಲ್ಲಿ ಈಗ ಕಲ್ಲಿದ್ದಲಿನ ದೋಣಿ ಬರುವುದಿಲ್ಲ. 1963ರ ಆ ಭಾರೀ ಚಳಿಯಲ್ಲಿ ಇಂಗ್ಲೆಂಡಿನ ಕಾಲುವೆಗಳು ಹೆಪ್ಪುಗಟ್ಟಿದವು, ಮೊದಲೇ ಸೊರಗಿದ್ದ ಸರಕಿನ ದೋಣಿಗಳ ಕಸುಬು ಆಮೇಲೆ ಏಳಲೇ ಇಲ್ಲ. ಈಗ ಅಲ್ಲಿ ಬರುವುದು ರಜೆಗೆ ಬಂದವರ ದೋಣಿ. ಆ ನೀರು ತಡವಾದರೆ ಯಾರ ಬೆಳೆಯೂ ಒಣಗುವುದಿಲ್ಲ. ಅದನ್ನು ಅಷ್ಟು ಪ್ರೀತಿಯಿಂದ ನೋಡಲು ಅವರಿಗೆ ಪುರುಸೊತ್ತು ಇದೆ. ನಮ್ಮ ಗೇಟಿನ ಮುಂದೆ ನಿಂತವರಿಗೆ ಅದು ಯಾವತ್ತೂ ಇರಲಿಲ್ಲ. ನಾನು ಇದನ್ನು ಒಪ್ಪಬೇಕಾಗುತ್ತದೆ. ಒಪ್ಪಿದ ಮೇಲೂ, ಅಪ್ಪ ಆ ದಂಡೆಯಲ್ಲಿ ಕೂತ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿ ಇಲ್ಲವಲ್ಲ ಅನ್ನೋ ನೋವು ಕಡಿಮೆ ಆಗುವುದಿಲ್ಲ.

ಅಕ್ಕನ ಮಗ ಕಳೆದ ಭಾನುವಾರ ಹೊಲಕ್ಕೆ ಹೋಗಿದ್ದ. ನಮ್ಮ ಗೇಟಿನ ಫೋಟೋ ತೆಗೆದು ಕಳಿಸಪ್ಪ, ಯಾರೂ ಎದುರಿಗೆ ನಿಲ್ಲಬೇಡಿ ಅಂತ ಹೇಳಿದ್ದೆ. ಕಳಿಸಿದ. ಸಿಮೆಂಟಿನ ಎರಡು ಕಂಬ, ನಡುವೆ ತುಕ್ಕು ಹಿಡಿದ ಕಬ್ಬಿಣದ ಹಲಗೆ, ಮೇಲೆ ತಿರುಗಿಸುವ ಚಕ್ರ. ಚಕ್ರಕ್ಕೆ ಸರಪಳಿ ಸುತ್ತಿದ್ದಾರೆ. ಸರಪಳಿಗೆ ಬೀಗ. ಮಳೆ ನೀರು ಒಳಗೆ ಹೋಗದ ಹಾಗೆ ಆ ಬೀಗದ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿದ್ದಾರೆ.

ಅದನ್ನೇ ಹದಿನೇಳನೆಯ ಫೋಟೋ ಅಂತ ಗುಂಪಿಗೆ ಹಾಕಿದೆ. ಅಪ್ಪ ಅಕ್ಕನ ಫೋನಿನಲ್ಲಿ ಅದನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರಂತೆ. ಆಮೇಲೆ ಧ್ವನಿ ಸಂದೇಶ ಕಳಿಸಿದರು.

"ಟ್ಯೂಬು ಹೊಸಾದು ಕಟ್ಯಾರ ನೋಡು."