ಫಾರಂ ಮೊಟ್ಟೆಯಲ್ಲಿ ಮರಿ ಎಲ್ಲಿಂದ ಬರಬೇಕು?

ಶಾಲೆಯ ಬಿಸಿಯೂಟದ ಮೊಟ್ಟೆ ಸುದ್ದಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: ಒಂದು ಮೊಟ್ಟೆ ತಿಂದರೆ ಒಂದು ಮರಿ ಕೊಂದ ಹಾಗೆ. ತಿನ್ನೋದು ಬಿಡೋದು ಅವರವರ ಇಷ್ಟ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಮಾತು ಮಾತ್ರ ಸುಳ್ಳು.

ಅಂಗಡಿಗೆ ಬರುವ ಫಾರಂ ಮೊಟ್ಟೆ ಇಡುವ ಕೋಳಿಗಳ ಜೊತೆ ಹುಂಜ ಇರುವುದೇ ಇಲ್ಲ. ಹುಂಜ ಇರಲಿ ಬಿಡಲಿ, ಹೇಂಟೆ ಮೊಟ್ಟೆ ಇಡುತ್ತದೆ. ಅದರೊಳಗಿನ ಹಳದಿಯೇ ಅಂಡಾಣು. ಅಷ್ಟು ದಪ್ಪ ಉಂಡೆ ಒಂದೇ ಒಂದು ಜೀವಕೋಶ! ಮುಕ್ಕಾಲುಪಾಲು ಬರೀ ಆಹಾರದ ದಾಸ್ತಾನು. ಕೋಳಿಗೆ 78 ವರ್ಣತಂತುಗಳು (ತಂದೆತಾಯಿಯ ಗುಣ ಹೊತ್ತು ತರುವ ಎಳೆಗಳು) ಬೇಕು, ಅಂಡಾಣು ಕೊಡುವುದು 39. ಉಳಿದರ್ಧ ಹುಂಜದಿಂದಲೇ ಬರಬೇಕು.

ಅದಕ್ಕೂ ಟೈಮ್ ಜಾಸ್ತಿ ಇಲ್ಲ. ಅಂಡಾಶಯದಿಂದ ಹಳದಿ ಜಾರಿ ನಾಳಕ್ಕೆ ಬಿದ್ದ ಮೇಲೆ ಹೆಚ್ಚುಕಮ್ಮಿ ಕಾಲು ಗಂಟೆಯೊಳಗೆ ವೀರ್ಯಾಣು ಸೇರಬೇಕು. ಆಮೇಲೆ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ, ಬಾಗಿಲು ಬಂದ್. ಲೋಳೆಗೆ ಸುಮಾರು 3 ಗಂಟೆ, ಒಳಪೊರೆಗೆ ಒಂದು ಗಂಟೆಯ ಮೇಲೆ, ಚಿಪ್ಪಿಗೆ ಸುಮಾರು 20 ಗಂಟೆ. ವೀರ್ಯಾಣು ಬಂತೋ ಇಲ್ಲವೋ ಅಂತ ನಾಳ ಕಾಯುತ್ತಾ ಕೂರುವುದಿಲ್ಲ.

ಒಂದು ಮೊಟ್ಟೆ ಬಟ್ಟಲಿಗೆ ಒಡೆದು ನೋಡಿ. ಹಳದಿಯ ಮೇಲೆ ಸಾಸಿವೆಗಿಂತ ತುಸು ದೊಡ್ಡ ಬಿಳಿಚಿದ ಚುಕ್ಕಿ ಇರುತ್ತದೆ. ಮರಿ ಆಗುವುದಿದ್ದರೆ ಅಲ್ಲಿಂದಲೇ. ಹುಂಜ ಕೂಡಿದ ಮೊಟ್ಟೆಯಾದರೆ ಚುಕ್ಕಿ ಉಂಗುರದ ಹಾಗೆ ಕಾಣುತ್ತದೆ. ಇಲ್ಲದಿದ್ದರೆ ಸುಮ್ನೆ ಅಂಕುಡೊಂಕು ಕಲೆ. ಕೆಲವರು ರಕ್ತದ ಚುಕ್ಕಿ ನೋಡಿ ಗಾಬರಿಯಾಗಿ ಎಸೆಯುತ್ತಾರೆ. ಅದು ಮರಿಯಲ್ಲ, ಹಳದಿ ಬಿಡುಗಡೆಯಾಗುವಾಗ ಒಡೆದ ಸಣ್ಣ ರಕ್ತನಾಳ. ಪಕ್ಕದ ಬಿಳಿ ದಾರದಂಥದ್ದೂ ಮರಿಯಲ್ಲ, ಹಳದಿಯನ್ನು ನಡುವೆ ಹಿಡಿದಿಡುವ ಕಟ್ಟು ಅಷ್ಟೆ.

ಮರಿಯಾಗುವ ಸಾಧ್ಯತೆ ಇರುವುದು ಹಿತ್ತಲಿನ ನಾಟಿ ಮೊಟ್ಟೆಗೆ. ಹೇಂಟೆ ತನ್ನ ಮೈಯೊಳಗೆ ವೀರ್ಯಾಣುವನ್ನು ಒಂದೆರಡು ವಾರ ಕಾಪಾಡಿಕೊಳ್ಳುತ್ತದೆ. ಹೋದ ವಾರ ಹುಂಜ ಮಾರಿದ್ದರೂ ಈ ವಾರದ ಮೊಟ್ಟೆ ಮರಿಯಾಗಬಹುದು. ಅದಕ್ಕೂ 21 ದಿನ ಕಾವು ಬೇಕು.

ಕೋಳಿ ಸಾಯುವುದು ಬೇರೆ ಕಡೆ. ಮನುಷ್ಯರಲ್ಲಿ ಗಂಡೋ ಹೆಣ್ಣೋ ಅನ್ನುವುದು ಅಪ್ಪನ ವೀರ್ಯಾಣುವಿನಿಂದ ತೀರ್ಮಾನವಾಗುತ್ತದೆ (ಹೆಣ್ಣು ಹೆತ್ತಳು ಅಂತ ಸೊಸೆಯನ್ನು ಬೈಯುವವರು ಇನ್ನೊಮ್ಮೆ ಓದಿಕೊಳ್ಳಿ). ಕೋಳಿಯಲ್ಲಿ ಉಲ್ಟಾ, ತಾಯಿಯ ಅಂಡಾಣುವೇ ತೀರ್ಮಾನಿಸುತ್ತದೆ; ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡಿಗೆ, ಅರ್ಧ ಹೆಣ್ಣಿಗೆ. ಹಾಗಾಗಿ ಮೊಟ್ಟೆ ಕೋಳಿಗಳ ಹ್ಯಾಚರಿಯಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡು ಮರಿಗಳೇ. ಅವು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಬೇಕಾದಷ್ಟು ಬೇಗ ಬೆಳೆಯುವುದೂ ಇಲ್ಲ. ಹುಟ್ಟಿದ ದಿನವೇ ಸಾಯಿಸುವುದು ಈ ಉದ್ಯಮದಲ್ಲಿ ಜಗತ್ತಿನಾದ್ಯಂತ ಮಾಮೂಲು. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಅಲ್ಲಿ ಮೊಟ್ಟೆಯೊಳಗೇ ಗಂಡು ಹೆಣ್ಣು ಪತ್ತೆ ಮಾಡುವ ಯಂತ್ರಗಳು ಬಂದಿವೆ.

ನಮ್ಮಲ್ಲೂ ಅಂಥ ಕಾನೂನು ಬೇಕು ಅಂತ ಯಾರಾದರೂ ಅರ್ಜಿ ಹಿಡಿದು ಬಂದರೆ ಮೊದಲ ಸಹಿ ನನ್ನದೇ. ಮಕ್ಕಳ ತಟ್ಟೆಯ ಮೊಟ್ಟೆ ತೆಗೆಸುವ ಅರ್ಜಿಯಾದರೆ ಮುಂದಿನ ಮನೆಗೆ ಹೋಗಿ.