ಕೆರೆ ಆರಿಸುವ ತರಬೇತಿ

ಅಗ್ನಿಶಾಮಕ ವಾಹನದ ಪಂಪ್ ಚಲಾಯಿಸಲು ಕಲಿಯುವವರು ಮೊದಲು ನೀರಿನ ಮೂಲ ಹುಡುಕುವುದನ್ನು ಕಲಿಯಬೇಕು. ಕೆರೆ, ಬಾವಿ, ಹೊಂಡ, ಕಾಲುವೆ. ಬೆಂಗಳೂರು ಈ ಪಾಠವನ್ನು ಬಲು ಸುಲಭ ಮಾಡಿಟ್ಟಿದೆ: ಕೆರೆ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ, ಹೊಗೆ ಏಳುವ ಕಡೆ ಹೋದರಾಯಿತು. ಬೆಳ್ಳಂದೂರು ಕೆರೆ 2015ರ ಮೇ ತಿಂಗಳಲ್ಲಿ ಹೊತ್ತಿಕೊಂಡಿತು, 2017ರ ಫೆಬ್ರುವರಿಯಲ್ಲಿ ಮತ್ತೆ, 2018ರ ಜನವರಿಯಲ್ಲಿ ಮಗದೊಮ್ಮೆ. ಆ ಸಲ ಆರಿಸಲು ಸೇನೆಯೂ ಬರಬೇಕಾಯಿತು. ಇಷ್ಟಾದರೂ ಕೆರೆ ಇನ್ನೂ ‘ನೀರಿನ ಮೂಲಗಳು’ ಅಧ್ಯಾಯದಲ್ಲೇ ಕೊಳೆಯುತ್ತಿದೆ. ‘ಉರಿಯುವ ವಸ್ತುಗಳು’ ಅಧ್ಯಾಯಕ್ಕೆ ಅದಕ್ಕೆ ಬಡ್ತಿ ಸಿಕ್ಕಿಲ್ಲ.

ಕಲಿಸುವ ಕ್ರಮ ಹೀಗಿದೆ. ಗಟ್ಟಿ ನೆಲ ನೋಡಿ ಗಾಡಿಯನ್ನು ನೀರಿಗೆ ಆದಷ್ಟು ಹತ್ತಿರ ನಿಲ್ಲಿಸು. ಹ್ಯಾಂಡ್‌ಬ್ರೇಕ್ ಎಳೆ, ಚಕ್ರಕ್ಕೆ ಅಡೆ ಕೊಡು, ಕ್ಲಚ್ ತುಳಿದು ಪಿಟಿಒ (ಎಂಜಿನ್ನಿನ ಬಲವನ್ನು ಪಂಪಿಗೆ ಹಾಯಿಸುವ ಜೋಡಣೆ) ಹಾಕು. ಕೆರೆಯಿಂದ ಪಂಪಿಗೆ ನೀರು ತರುವ 100 ಮಿ.ಮೀ. ಸಕ್ಷನ್ ಹೋಸುಗಳನ್ನು ಜೋಡಿಸು, ಪ್ರತಿ ಕಪ್ಲಿಂಗಿನ ವಾಷರ್ ಮುಟ್ಟಿ ನೋಡು. ಹೋಸಿನ ತುದಿಯಲ್ಲಿ ಕಸ ತಡೆಯುವ ಸ್ಟ್ರೇನರನ್ನು ನೀರಿನ ಮಟ್ಟದಿಂದ ಒಂದಡಿಯಾದರೂ ಕೆಳಗೆ, ತಳದ ಕೆಸರಿಗೆ ತಾಗದಂತೆ ಇಳಿಬಿಡು. ಇಲ್ಲವಾದರೆ ಸುಳಿ ಎದ್ದು ಗಾಳಿ ಹೊಕ್ಕೀತು. ನೀರು ಹೊರಬಿಡುವ ಡೆಲಿವರಿ ವಾಲ್ವುಗಳನ್ನೂ ಟ್ಯಾಂಕಿನ ವಾಲ್ವನ್ನೂ ಮುಚ್ಚಿ, ಗಾಳಿ ತೆಗೆಯುವ ಪ್ರೈಮರ್ ಹಾಕು. ಪ್ರೆಷರ್ ಗೇಜಿನ ಮುಳ್ಳು ಏಳುತ್ತಲೇ ಪ್ರೈಮರ್ ಬಿಡು, ಡೆಲಿವರಿಯನ್ನು ನಿಧಾನವಾಗಿ ತೆರೆ.

ಬಂಗಾರದಂಥ ಪಾಠ. ನೀರು ಬೇಕು ಅನ್ನುವುದೊಂದೇ ಇದರ ಐಬು.

ಪಂಪ್ ನೀರನ್ನು ಎಳೆಯುವುದಿಲ್ಲ. ಪ್ರೈಮರ್ ಹೋಸಿನೊಳಗಿನ ಗಾಳಿ ತೆಗೆಯುತ್ತದೆ, ಹೊರಗಿನ ಗಾಳಿ ನೀರನ್ನು ಮೇಲಕ್ಕೆ ಒತ್ತುತ್ತದೆ. ಹಾಗೆ ನೀರು ಏರಬಲ್ಲ ಎತ್ತರ ಸಮುದ್ರಮಟ್ಟದಲ್ಲಿ ಲೆಕ್ಕಕ್ಕೆ 10.3 ಮೀಟರ್. 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 9.2ರ ಆಸುಪಾಸು, ಘರ್ಷಣೆ, ಸೋರಿಕೆ ಕಳೆದರೆ ಕೈಗೆ ಸಿಗುವುದು ಆರು ಚಿಲ್ಲರೆ. (ಈ ಊರಲ್ಲಿ ಎತ್ತರಕ್ಕೆ ಹೋದಷ್ಟೂ ಇಳಿಯುವುದು ಗಾಳಿಯ ಒತ್ತಡ ಒಂದೇ.) ಆದ್ದರಿಂದ ಸಾವಿರ ಅಡಿ ಬೋರ್‌ವೆಲ್ ಮುಂದೆ ಗಾಡಿ ನಿಲ್ಲಿಸಿ ಪ್ರೈಮರ್ ಹಾಕುವ ಸಾಹಸ ಬೇಡ.

ಇನ್ನು ನಮ್ಮ ಕೆರೆಯ ಮೇಲೆ ಏಳುವ ನೊರೆ. ನೊರೆ ಅಂದರೆ ನೀರಿನ ತೆಳು ಅಂಗಿ ತೊಟ್ಟ ಗಾಳಿ. ಸೆಂಟ್ರಿಫ್ಯೂಗಲ್ ಪಂಪಿನೊಳಗೆ ತಿರುಗುವ ಚಕ್ರ, ಇಂಪೆಲ್ಲರ್, ನೀರನ್ನು ಎಸೆದೀತು, ಗಾಳಿಯನ್ನಲ್ಲ. ಹೋಸಿಗೆ ನೊರೆ ಹೊಕ್ಕರೆ ಮುಳ್ಳು ನಡುಗುತ್ತದೆ, ನಾಜಲ್ ಕೆಮ್ಮುತ್ತದೆ, ಪ್ರೈಮ್ ಬಿಟ್ಟು ನೀರಿನ ಹರಿವೇ ಕಡಿದುಹೋಗುತ್ತದೆ. ಇನ್ನಷ್ಟು ಕೆಳಕ್ಕೆ ಇಳಿಸೋಣವೆಂದರೆ ಜೊಂಡು, ಪ್ಲಾಸ್ಟಿಕ್ಕು ಸ್ಟ್ರೇನರಿಗೆ ಸುತ್ತಿಕೊಳ್ಳುತ್ತವೆ. ಆಗ ವ್ಯಾಕ್ಯೂಮ್ ಮಾತ್ರ ಏರುತ್ತದೆ. ಪಂಪಿನೊಳಗೆ ಜಲ್ಲಿ ಅಲ್ಲಾಡಿಸಿದ ಸದ್ದು. ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಒತ್ತಡ ಏರದು. ಕ್ಯಾವಿಟೇಶನ್ (ಒತ್ತಡ ಕುಸಿದು ನೀರಿನಲ್ಲಿ ಆವಿಗುಳ್ಳೆ ಎದ್ದು ಒಡೆಯುವುದು) ಎಂಬ ಈ ಕಾಯಿಲೆಯನ್ನು ಮೈದಾನದ ತಿಳಿನೀರ ತೊಟ್ಟಿಯಲ್ಲಿ ಬೇಕೆಂದೇ ಬರಿಸಿ ತೋರಿಸಬೇಕು. ನಮ್ಮ ಕೆರೆ ದಡದಲ್ಲಿ ಅದು ಉಚಿತ. ಎಣ್ಣೆಬೆಂಕಿ ಆರಿಸಲು ಇಲಾಖೆ ಫೋಮ್ ಅನ್ನು ದುಡ್ಡು ಕೊಟ್ಟು ಕೊಳ್ಳುತ್ತದೆ. ನಗರವೋ ಅದನ್ನು ಪುಕ್ಕಟೆ ತಯಾರಿಸಿ ರಸ್ತೆಗೂ ಹಾರಿಸುತ್ತದೆ. ನಮ್ಮ ನೊರೆ ತಾನೇ ಉರಿಯುತ್ತದೆ ಎಂಬುದು ಸಣ್ಣದೊಂದು ತಾಂತ್ರಿಕ ದೋಷ.

ಚಾಲನೆಯ ಪಾಠ ಚಿಕ್ಕದು. ಗಾಡಿಯ ಟ್ಯಾಂಕಿನ 4,500 ಲೀಟರ್ ನೀರು ಅಂದರೆ ನಾಲ್ಕೂವರೆ ಟನ್. ಟ್ಯಾಂಕ್ ತುಂಬಿದ್ದರೆ ನೀರು ಸುಮ್ಮನಿರುತ್ತದೆ, ಅರ್ಧವಾದರೆ ತಿರುವಿನಲ್ಲಿ ಗಾಡಿಯೊಂದು ಕಡೆ, ನೀರೊಂದು ಕಡೆ. ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯ 194ಇ ಕಲಮಿನಡಿ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸೈರನ್ ಕೇಳಿ ದಾರಿ ಬಿಟ್ಟು, ಮರುಕ್ಷಣವೇ ಗಾಡಿಯ ಬೆನ್ನಿಗಂಟಿ ಸಿಗ್ನಲ್ ದಾಟುವ ಜಾಣನಿಗೆ ಯಾವ ಕಲಮೋ!

ಅಂತಿಮ ಪರೀಕ್ಷೆಗೆ ಒಂದೇ ಪ್ರಶ್ನೆ ಸಾಕು. ‘ಕೆರೆ ಉರಿಯುತ್ತಿದೆ. 20 ಮಿ.ಮೀ. ನಾಜಲ್ ಒಂದು 3 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 450 ಲೀಟರ್ ನೀರು ಉಗುಳುತ್ತದೆ. ಟ್ಯಾಂಕಿನಲ್ಲಿ 4,500 ಲೀಟರ್ ಇದೆ. ಮುಂದಿನ ನೀರನ್ನು ಎಲ್ಲಿಂದ ತುಂಬಿಸುವಿರಿ?’

ಸಮಯ: ಹತ್ತು ನಿಮಿಷ.